ಮೇಯೋಗೆ ಹೊರಟ ಮಗಳಿಗೆ

ಪುಟ್ಟೀ,

ನಿನ್ನೆ ಊಟದ ಹೊತ್ತಲ್ಲಿ ಜೋರು ದನಿ ಮಾಡಿಬಿಟ್ಟೆ. ಬೇಜಾರು ಇಟ್ಟುಕೊಂಡು ಹೋಗಬೇಡ. ಆದರೆ ಮೇಯೋ ಕೌಂಟಿಯಲ್ಲಿ ನಿನ್ನ ಹೊಸ ರಸ್ತೆಗೆ ಅಡ್ಡ ಬರುವ ಆ ಒಂಟಿ ಗಿಡದ ಮಾತು ಬಂದಾಗ "ಬರೀ ಒಂದು ಮುಳ್ಳುಗಿಡಕ್ಕೆ ರಸ್ತೆ ಬದಲಿಸೋದಾ?" ಅಂದೆಯಲ್ಲ, ಅದು ಇನ್ನೂ ಕಿವಿಯಲ್ಲೇ ಇದೆ.

ನೀನು ಐರ್ಲೆಂಡಿನ ಈ ಕ್ಲೇರ್ ಕೌಂಟಿಯಲ್ಲೇ ಬೆಳೆದವಳು. ಇಲ್ಲಿನ ಲಾಟೂನ್‌ನ ವೈಟ್‌ಥಾರ್ನ್ ಅನ್ನೋ ಬಿಳಿ ಹೂವಿನ ಮುಳ್ಳುಗಿಡ ನೋಡಿದವಳು. 1999ರಲ್ಲಿ ಹೊಸ ರಸ್ತೆಗೆ ಅದು ಅಡ್ಡ ಬಂತು. ನಮ್ಮ ಮನ್‌ಸ್ಟರ್ ಪ್ರಾಂತ್ಯದ ಫೇರಿಗಳು, ಅಂದರೆ ಇಲ್ಲಿನವರು ನಂಬುವ ಕಣ್ಣಿಗೆ ಕಾಣದ ಜನ, ಪಕ್ಕದ ಕೊನಾಕ್ಟ್ ಪ್ರಾಂತ್ಯದ ಫೇರಿಗಳ ಮೇಲೆ ಯುದ್ಧಕ್ಕೆ ಹೊರಡುವಾಗ ಸೇರುವ ಜಾಗ ಅದು, ಕಡಿಯಬೇಡಿ ಅಂತ ಕಥೆಗಾರ ಎಡ್ಡಿ ಲೆನಿಹನ್ ಪತ್ರಿಕೆಗೆ ಬರೆದರು. ಗಿಡ ಉಳಿಯಿತು, ರಸ್ತೆಯೂ ಆಯಿತು. ಜಾಗ ಬಿಟ್ಟುಕೊಟ್ಟದ್ದು ನಿನ್ನಂಥ ಎಂಜಿನಿಯರುಗಳೇ.

ನೀನು ಚಿಕ್ಕವಳಿದ್ದಾಗ ಮೇ ತಿಂಗಳಲ್ಲಿ ಪಕ್ಕದ ಹೊಲದ ಫೋರ್ಟ್ ಅನ್ನೋ ಹಳೇ ದಿಣ್ಣೆಯಿಂದ ಒಂದು ಹೂವಿನ ಟೊಂಗೆ ಮುರಿದು ತಂದಿದ್ದೆ. ಪಕ್ಕದ ಮನೆ ಅಜ್ಜಿ ಬಾಗಿಲಲ್ಲೇ ತಡೆದರು. ವೈಟ್‌ಥಾರ್ನ್ ಹೂ ಮನೆಯೊಳಗೆ ಬರಬಾರದು ಅಂದರು. ಬೈಯಲಿಲ್ಲ. ನಿನ್ನ ಕೈ ಹಿಡಿದು ಹೊಲದವರೆಗೂ ನಡೆದು, ಟೊಂಗೆಯನ್ನು ಗಿಡದ ಬುಡದಲ್ಲೇ ಇಡಿಸಿದರು. ಅವರಿಗೆ ಮಂಡಿ ನೋವು, ಆದರೂ ಹೋದರು. ನಾನು ಅಡುಗೆಮನೆ ಕಿಟಕಿಯಿಂದ ನೋಡುತ್ತಾ ನಿಂತೆ. ಕುಂದಾಪುರದ ನಮ್ಮ ನಾಗಬನದಿಂದ ಒಂದು ಕಡ್ಡಿ ತಂದಿದ್ದರೂ ನನ್ನಮ್ಮ ಹೀಗೇ ಮಾಡುತ್ತಿದ್ದಳು. ಈ ದೇಶ ನನ್ನದೂ ಹೌದು ಅಂತ ಅನ್ನಿಸಿದ್ದು ಅವತ್ತೇ. ಆ ಅಜ್ಜಿಯ ಗಂಡ ಬದುಕಿರುವವರೆಗೂ ಆ ಫೋರ್ಟ್ ಸುತ್ತ ಬಿಟ್ಟೇ ಉಳುತ್ತಿದ್ದರು. ಸಾವಿರ ವರ್ಷದ ಹಿಂದೆ ಯಾರೋ ಮನೆ ಕಟ್ಟಿ, ದನ ಸಾಕಿಕೊಂಡಿದ್ದ ಮಣ್ಣಿನ ದಿಣ್ಣೆ ಅದು.

ಫೋರ್ಟ್‌ಗಾದರೆ ಕಾನೂನಿನ ಕಾವಲಿದೆ. ಒಂಟಿ ಗಿಡಕ್ಕೆ ಅದಿಲ್ಲ. ಊರವರ ಭಯ-ಭಕ್ತಿಯೇ ಅದರ ಬೇಲಿ. ನನ್ನ ಹೆದರಿಕೆ ಅದೇ ಪುಟ್ಟೀ. ನಕಾಶೆಯಲ್ಲಿ ಕಾಣದ್ದನ್ನು ನೀನು ಇಲ್ಲವೆಂದುಕೊಂಡರೆ? ಫೇರಿಗಳನ್ನು ನಂಬು ಅಂತ ಹೇಳುತ್ತಿಲ್ಲ. ನಂಬಿದವರನ್ನು ಕೇಳು. ಅಲ್ಲಿ ಹೊಲಹೊಲಕ್ಕೂ ಹೆಸರಿರುತ್ತದೆ. ಚಹಾ ಕೊಟ್ಟರೆ ಬೇಡ ಅನ್ನಬೇಡ. ಅವಸರ ಮಾಡಬೇಡ. ಮಾತಿನ ಮಧ್ಯೆ ಫೋನ್ ನೋಡಬೇಡ.

ನೋಡು, ಮತ್ತೆ ಪಾಠ ಶುರುವಾಯಿತು. ನಮ್ಮ ಮನೆಯಲ್ಲಿ ಎಂಜಿನಿಯರ್ ಆದ ಮೊದಲ ಹೆಣ್ಣುಮಗಳು ನೀನು. ಆಸ್ಪತ್ರೆಯಲ್ಲಿ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ.

ಚಟ್ನಿಪುಡಿ ನೀಲಿ ಡಬ್ಬಿಯಲ್ಲಿದೆ. ಸೋಮವಾರ ಗೂಟ ಹೊಡೆಸುವ ಮೊದಲು ಆ ಹೊಲದವರ ಮನೆಗೆ ಹೋಗಿ ಬಾ. ಅವರು ಏನಂದರು ಅಂತ ರಾತ್ರಿ ಫೋನ್ ಮಾಡಿ ಹೇಳು.

ನಿನ್ನ
ಅಮ್ಮ