ಮಾಡಿಫೈ ಮಾಡಿದ ಕಾರು: ಮಾರುವವರೇ ಮೊದಲು ಹೇಳಲಿ

ಮಾನ್ಯ ಸಂಪಾದಕರೇ,

ಹಳೆ ಕಾರು ಕೊಳ್ಳುವವರಿಗೆ ನೀವು ಪ್ರಕಟಿಸಿದ ಸಲಹೆಗಳನ್ನು ಓದಿದೆ. ಕಿಲೋಮೀಟರ್ ನೋಡಿ, ಸರ್ವಿಸ್ ದಾಖಲೆ ನೋಡಿ, ಗುದ್ದಿದ ಗುರುತು ಹುಡುಕಿ. ಎಲ್ಲ ಸರಿ. ಆದರೆ ಮಾಡಿಫೈ ಮಾಡಿದ ಸ್ಪೋರ್ಟ್ಸ್ ಕಾರಿಗೆ ಇಷ್ಟು ಸಾಲದು. ನಾನೇ ಒಂದು ಸುಬಾರು ಡಬ್ಲ್ಯುಆರ್‌ಎಕ್ಸ್ ಮಾರಲು ಇಟ್ಟಿದ್ದೇನೆ. ಹಾಗಾಗಿ ಈ ಪತ್ರ.

ಫೋನ್ ಮಾಡುವವರೆಲ್ಲ ಮೊದಲು ಕೇಳುವುದು ಒಂದೇ: ಎಷ್ಟು ಹಾರ್ಸ್‌ಪವರ್? ಚಕ್ರದ ಹತ್ತಿರ ಅಳೆದದ್ದಾ, ಎಂಜಿನ್ ಲೆಕ್ಕವಾ ಅಂತಲೂ ವಿಚಾರಿಸುವುದಿಲ್ಲ. ಎರಡಕ್ಕೂ ಒಳ್ಳೇ ವ್ಯತ್ಯಾಸ ಇರುತ್ತದೆ. ಒಂದೇ ಕಾರನ್ನು ಎರಡು ಡೈನೊ (ಶಕ್ತಿ ಅಳೆಯುವ ಯಂತ್ರ) ಮೇಲೆ ನಿಲ್ಲಿಸಿದರೂ ಅಂಕಿ ಬೇರೆ ಬರಬಹುದು. ಟ್ಯೂನ್ ಮಾಡಿದ್ದು, ಅಂದರೆ ಎಂಜಿನ್ ನಡೆಸುವ ಸಾಫ್ಟ್‌ವೇರ್ ತಿದ್ದಿದ್ದು ಯಾರು, ಯಾವ ಪೆಟ್ರೋಲ್‌ಗೆ ಮಾಡಿದ್ದು, ಆ ಸಾಫ್ಟ್‌ವೇರ್ ಫೈಲ್ ನಿಮ್ಮ ಹತ್ತಿರ ಇದೆಯಾ ಅಂತ ಕೇಳಿದರೆ ಹೇಳಲು ಬೇಕಾದಷ್ಟಿದೆ. 98 ಆಕ್ಟೇನ್ ಪೆಟ್ರೋಲ್‌ಗೆ ಟ್ಯೂನ್ ಆದ ಟರ್ಬೊ ಕಾರಿಗೆ ಗೊತ್ತಿಲ್ಲದೆ 91 ಹಾಕಿಸಿ ಜೋರಾಗಿ ಓಡಿಸಿದರೆ ನಾಕಿಂಗ್ (ಸಿಲಿಂಡರ್‌ನಲ್ಲಿ ಪೆಟ್ರೋಲ್ ತಾನಾಗಿ ಸಿಡಿಯುವುದು) ಶುರುವಾಗುತ್ತದೆ. ಈ 2.5 ಲೀಟರ್ ಟರ್ಬೊ ಎಂಜಿನ್‌ಗಳಲ್ಲಿ ಪಿಸ್ಟನ್‌ನಲ್ಲಿ ರಿಂಗ್ ಕೂರುವ ಅಂಚೇ ಮುರಿಯುವುದು ಇಂಥ ಕಾರು ಇಟ್ಟವರಿಗೆಲ್ಲ ಗೊತ್ತಿರುವ ವಿಷಯ. ಅದೇನು ಸಣ್ಣ ಖರ್ಚಲ್ಲ.

ಮಾರುವವರಲ್ಲಿ ಕೆಲವರು ಇನ್ನೊಂದು ಕೆಲಸ ಮಾಡುತ್ತಾರೆ. ಹಾಕಿಸಿದ್ದನ್ನೆಲ್ಲ ಬಿಚ್ಚಿ, ಕಂಪನಿ ಪಾರ್ಟ್ ಕೂರಿಸಿ, ಇಸಿಯುಗೆ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮೂಲ ಸಾಫ್ಟ್‌ವೇರ್ ತುಂಬಿ, "ಏನೂ ಮುಟ್ಟಿಲ್ಲ ಸಾರ್" ಅನ್ನುತ್ತಾರೆ. ಪಾರ್ಟ್ ಬಿಚ್ಚಿ ಬೇರೆಯಾಗಿ ಮಾರುವುದು ತಪ್ಪಲ್ಲ. ಹೆಚ್ಚಿನ ಸಲ ಜಾಸ್ತಿ ದುಡ್ಡು ಬರುವುದೂ ಹಾಗೇ. ಆದರೆ ಅಷ್ಟು ದಿನ ಹೆಚ್ಚು ಬೂಸ್ಟ್‌ನಲ್ಲಿ (ಟರ್ಬೊ ಒತ್ತಡದಲ್ಲಿ) ಓಡಿದ ಪಿಸ್ಟನ್, ಕ್ಲಚ್, ಗೇರ್‌ಬಾಕ್ಸ್ ತಿಂದ ಪೆಟ್ಟು ಸಾಫ್ಟ್‌ವೇರ್ ಬದಲಿಸಿದರೆ ಹೋಗುತ್ತದೆಯೇ? ಅದನ್ನು ಬಾಯಿಬಿಟ್ಟು ಹೇಳಲೇಬೇಕು. ಮೋಸ ಇರುವುದು ಮುಚ್ಚಿಡುವುದರಲ್ಲಿ.

ಇನ್ನು ಕೆಲವರು ರಸೀದಿಗಳನ್ನೆಲ್ಲ ಕೂಡಿಸಿ ಕಾರಿನ ಬೆಲೆಗೆ ಸೇರಿಸುತ್ತಾರೆ. ಆ ದುಡ್ಡು ವಾಪಸ್ ಬರುವುದಿಲ್ಲ. ನಮ್ಮ ಶೋಕಿಗೆ ಇನ್ನೊಬ್ಬರು ಯಾಕೆ ದುಡ್ಡು ಕೊಡಬೇಕು, ಅಲ್ವಾ? ರಸೀದಿ ಮಾತ್ರ ಜೋಪಾನವಾಗಿ ಇಡಿ. ಯಾವ ಪಾರ್ಟ್, ಯಾವಾಗ, ಎಷ್ಟು ಕಿಲೋಮೀಟರ್‌ಗೆ ಹಾಕಿಸಿದ್ದು ಅನ್ನುವುದಕ್ಕೆ ಅದೇ ಸಾಕ್ಷಿ. ನಾನು ಬಿಚ್ಚಿಸಿದ ಸ್ಪ್ರಿಂಗ್, ಡ್ಯಾಂಪರ್, ಎಕ್ಸಾಸ್ಟ್, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಎಲ್ಲ ಇಟ್ಟುಕೊಂಡಿದ್ದೇನೆ. ಕಾರಿನ ಜೊತೆಗೇ ಕೊಡುತ್ತೇನೆ. ಹೊಗೆ ಪರೀಕ್ಷೆಯಲ್ಲಿ ಫೇಲ್ ಆದ ದಿನ ಹೊಸ ಮಾಲೀಕ ಆ ಕನ್ವರ್ಟರ್‌ಗೆ ಎಲ್ಲಿ ಅಲೆಯಬೇಕು? ಗೇರ್ ಬದಲಿಸುವಾಗ "ಪ್ಶ್" ಅನ್ನುವ ವಾಲ್ವ್ ಮಾತ್ರ ನನ್ನ ಕಾರಿನಲ್ಲಿಲ್ಲ, ಬಂದವರಲ್ಲಿ ಕೆಲವರಿಗೆ ಅದೇ ಬೇಜಾರು. ಈ ಕಾರಿನಲ್ಲಿ ಒಳಗೆ ಬಂದ ಗಾಳಿಯನ್ನು ಸೆನ್ಸರ್ ಮೊದಲೇ ಅಳೆದಿರುತ್ತದೆ. ಆ ವಾಲ್ವ್ ಅದೇ ಗಾಳಿಯನ್ನು ಹೊರಗೆ ಬಿಟ್ಟರೂ ಇಸಿಯು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಸುಮ್ನೆ ಸದ್ದಿಗೋಸ್ಕರ ಅದೆಲ್ಲ ಯಾಕೆ ಅಂತ ಬಿಟ್ಟೆ.

ನೋಡಲು ಬಂದವರಲ್ಲಿ ಒಬ್ಬ ಹುಡುಗ ನನಗೆ ಇಷ್ಟವಾದ. ಬಾನೆಟ್ ತೆಗೆಸುವ ಮೊದಲೇ ಮಂಡಿಯೂರಿ ಕೂತು, ಟೈರಿನ ಹಿಂದೆ ಕೈ ಹಾಕಿ ಒಳ ಅಂಚನ್ನು ಸವರಿದ. ಕಾರು ತಗ್ಗಿಸಿ ಅಲೈನ್‌ಮೆಂಟ್ ಮಾಡಿಸದೆ ಬಿಟ್ಟರೆ ಅಲ್ಲೇ ಮೊದಲು ಸವೆಯುತ್ತದೆ. ಹೊರಗಿನಿಂದ ಟೈರ್ ಹೊಸದರಂತೆ ಕಾಣುತ್ತದೆ, ಒಳಗೆ ತಂತಿ ಬೆರಳಿಗೆ ಚುಚ್ಚುತ್ತದೆ. ಆಮೇಲೆ ಎಂಜಿನ್ ಮುಟ್ಟಿ ನೋಡಿ, "ತಣ್ಣಗಿದೆ, ಒಳ್ಳೇದಾಯ್ತು" ಅಂದ. ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿದಾಗ ಬರುವ ಹೊಗೆ, ಕಟಕಟ ಸದ್ದು ಬಿಸಿಯಾದ ಮೇಲೆ ಎಷ್ಟೋ ಸಲ ಅಡಗಿಬಿಡುತ್ತದೆ. ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯುವುದು) ಮಾಡಿಸಲು ಕೇಳಿದ, ಖುಷಿಯಿಂದ ಒಪ್ಪಿದೆ. ನಾಲ್ಕೂ ಸಿಲಿಂಡರ್‌ಗಳ ಅಂಕಿಗಳ ನಡುವೆ ಸುಮಾರು 10 ಶೇಕಡಾಕ್ಕಿಂತ ಹೆಚ್ಚು ಅಂತರ ಇರಬಾರದು. ಟೆಸ್ಟ್ ಬೇಡ ಅನ್ನುವ ಮಾಲೀಕರ ಕಾರು ನಮಗೂ ಬೇಡ, ಅಷ್ಟೇ.

ಅದಲುಬದಲು ಮಾಡಿಕೊಳ್ಳೋಣ ಅಂತ ಒಬ್ಬರು ಮಜ್ದಾ ಆರ್‌ಎಕ್ಸ್-8 ತಂದಿದ್ದರು. ಚೆಂದದ ಕಾರು. ಆದರೆ ಅದರದು ರೋಟರಿ ಎಂಜಿನ್, 1.3 ಲೀಟರ್, ಪಿಸ್ಟನ್ನೇ ಇಲ್ಲ. ಇಲ್ಲಿ ಪರೀಕ್ಷೆ ಉಲ್ಟಾ. ಚೆನ್ನಾಗಿ ಬಿಸಿಯಾದ ಮೇಲೆ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಬೇಕು. ಎಷ್ಟು ಹೊತ್ತು ಕ್ರ್ಯಾಂಕ್ ಮಾಡಿದರೂ ಹಿಡಿಯದಿದ್ದರೆ ರೋಟರ್‌ನ ಸೀಲ್‌ಗಳು ಸವೆದಿರುವ ಅನುಮಾನ ಇಟ್ಟುಕೊಳ್ಳಿ. ಮಾಮೂಲಿ ಕಂಪ್ರೆಷನ್ ಗೇಜ್ ಇದಕ್ಕೆ ಸಾಲದು. ಒಂದೊಂದು ರೋಟರ್‌ಗೂ ಮೂರು ಮುಖ, ಮೂರನ್ನೂ ಬೇರೆ ಬೇರೆ ತೋರಿಸುವ ಉಪಕರಣವೇ ಬೇಕು. ಅದನ್ನು ಹೇಳಿದ ಕೂಡಲೇ ಅವರು "ಮನೆಯಲ್ಲಿ ಕೇಳಿ ಹೇಳ್ತೀನಿ" ಅಂತ ಹೋದರು.

ಅದಲುಬದಲಿನಲ್ಲಿ ದುಡ್ಡು ಕೈಬದಲಾಗುವುದಿಲ್ಲ ಅಂತ ಕಾಗದ ಪತ್ರವನ್ನೂ ಸಡಿಲ ಬಿಡುವವರು ಬಹಳ. ಅದನ್ನು ಎರಡು ಮಾರಾಟ ಅಂತಲೇ ನೋಡಿ. ಎರಡೂ ಕಾರಿಗೆ ಬೆಲೆ ಕಟ್ಟಿ, ಬೇರೆ ಬೇರೆ ಪತ್ರ ಬರೆಸಿ, ಮಾಡಿಫೈ ಮಾಡಿದ್ದರ ಪಟ್ಟಿಯನ್ನು ಪತ್ರದಲ್ಲೇ ಸೇರಿಸಿ ಇಬ್ಬರೂ ಸಹಿ ಹಾಕಿ. ಚಾಸಿಸ್ ನಂಬರ್ ಕಾರಿನ ಮೇಲೆ ಇರುವುದೂ ದಾಖಲೆಯಲ್ಲಿ ಇರುವುದೂ ಒಂದೇನಾ, ಸಾಲ ಪೂರ್ತಿ ತೀರಿದೆಯಾ ನೋಡಿ. ವಿಮೆ ಕಂಪನಿಗೆ ತಿಳಿಸದ ಮಾಡಿಫಿಕೇಷನ್ ಇದ್ದರೆ ಕ್ಲೇಮ್ ತಿರಸ್ಕಾರವಾಗಬಹುದು. ಟೆಸ್ಟ್ ಡ್ರೈವ್‌ಗೆ ಕೀಲಿ ಕೊಡುವ ಮೊದಲು ಬಂದವರ ಲೈಸೆನ್ಸ್ ನೋಡಿ, ಪಕ್ಕದ ಸೀಟಿನಲ್ಲಿ ನೀವೂ ಕೂರಿ.

ನಿಮ್ಮಲ್ಲಿ ಒಂದು ಕೋರಿಕೆ. ವಾಹನ ಮಾರಾಟದ ವರ್ಗೀಕೃತ ಜಾಹೀರಾತಿನಲ್ಲಿ "ಫುಲ್ಲಿ ಮಾಡಿಫೈಡ್" ಅಂತ ಎರಡು ಪದ ಬರೆದು ಮುಗಿಸುವವರಿಗೆ ಇನ್ನೊಂದು ಸಾಲು ಬರೆಯಲು ಹೇಳಿ: ಏನೇನು ಬದಲಾಗಿದೆ, ಮೂಲ ಪಾರ್ಟ್ ಜೊತೆಗಿದೆಯಾ. ಆ ಸಾಲಿಗೆ ಬೇಕಾದರೆ ದರ ಹಾಕಿ, ಮೊದಲ ಜಾಹೀರಾತು ನಾನೇ ಕೊಡುತ್ತೇನೆ.

ಇತಿ,
ನಿಮ್ಮ ಓದುಗ