ಶೈಲಾಳಿಗೆ ದೊಡ್ಡಮ್ಮನ ಪತ್ರ

ಉಡುಪಿ

ಪ್ರೀತಿಯ ಶೈಲಾ,

ಹತ್ತು ಕೆಜಿ ಇಳಿಸಿ ಆಮೇಲೆ ಮ್ಯಾಮೊಗ್ರಾಮ್, ಅದೇ ಸ್ತನದ ಎಕ್ಸ್‌ರೇ, ಮಾಡಿಸುತ್ತೇನೆ ಅಂದೆಯಂತೆ, ನಿನ್ನ ಅಮ್ಮ ಹೇಳಿದಳು. ಫೋನಿನಲ್ಲಿ ಕೇಳಿದರೆ ಮಾತು ತಿರುಗಿಸುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಊರಿನವರ ಬಾಯಿ ಗೊತ್ತಲ್ವಾ. ಮದುವೆ ಊಟದ ಪಂಕ್ತಿಯಲ್ಲೇ "ಎಷ್ಟು ದಪ್ಪ ಆಗಿದ್ದಿ ಮಾರಾಯ್ತಿ" ಅಂತಾರೆ. ರವಿಕೆ ಬಿಚ್ಚಿ ನಿಂತಾಗ ಡಾಕ್ಟರೂ ಅದನ್ನೇ ಅಂದರೆ? ನಿನ್ನ ಅಳುಕು ನನಗೆ ಅರ್ಥ ಆಗುತ್ತದೆ. ಅಮೆರಿಕದಲ್ಲೂ ತೂಕ ಜಾಸ್ತಿ ಇರುವ ಹೆಂಗಸರು, ಅದರಲ್ಲೂ ಬಿಳಿಯರು, ಈ ಪರೀಕ್ಷೆಗೆ ಹೋಗುವುದು ಕಡಿಮೆ ಅಂತ ಅಧ್ಯಯನಗಳು ಹೇಳಿವೆ. ನಮ್ಮಲ್ಲಿ ದಪ್ಪ, ಸಪೂರ ಯಾರೂ ಹೋಗುವುದಿಲ್ಲ ಬಿಡು. 30ರಿಂದ 49 ವಯಸ್ಸಿನವರಲ್ಲಿ ಒಮ್ಮೆಯಾದರೂ ಸ್ತನ ಪರೀಕ್ಷೆ ಮಾಡಿಸಿದವರು ನೂರಕ್ಕೆ ಒಬ್ಬರೂ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ಇದು.

ನಿನಗೆ 52, ಮುಟ್ಟು ನಿಂತಿದೆ. ಆಮೇಲೆ, ಸ್ತನ ಕ್ಯಾನ್ಸರಿಗೆ ಇಂಬು ಕೊಡುವ ಈಸ್ಟ್ರೋಜೆನ್ ಎಂಬ ಹಾರ್ಮೋನು ತಯಾರಾಗುವುದು ಹೆಚ್ಚಾಗಿ ಮೈಯ ಕೊಬ್ಬಿನಲ್ಲಿ. ಹಾಗಾಗಿ ಈ ವಯಸ್ಸಿನಲ್ಲಿ ತೂಕ ಜಾಸ್ತಿ ಇದ್ದವರಿಗೆ ಸ್ತನ ಕ್ಯಾನ್ಸರಿನ ಅಪಾಯವೂ ಜಾಸ್ತಿ. ದೊಡ್ಡ ಎದೆಯಲ್ಲಿ ಸಣ್ಣ ಗಂಟು ಕೈಗೆ ಸಿಗುವುದೂ ಕಷ್ಟ. ಆದರೆ ಮ್ಯಾಮೊಗ್ರಾಮ್‌ಗೆ ಕೊಬ್ಬು ಅಡ್ಡ ಬರುವುದಿಲ್ಲ. ಎಕ್ಸ್‌ರೇಯಲ್ಲಿ ಕೊಬ್ಬು ಕಪ್ಪಾಗಿ ಕಾಣುತ್ತದೆ, ಗಂಟು ಬೆಳ್ಳಗೆ. ಗ್ರಂಥಿ ದಟ್ಟವಾಗಿರುವ ಎದೆಯೇ ಪೂರ್ತಿ ಬೆಳ್ಳಗೆ ಕಂಡು ಗಂಟನ್ನು ಮರೆಮಾಡುವುದು. ಅಂಥ ಎದೆ ಸಪೂರ ಇದ್ದವರಲ್ಲೇ ಜಾಸ್ತಿ. ನಾಚಿಕೆಪಟ್ಟು ಕೂತ ನಿನ್ನಂಥವರಿಗೇ ಈ ಪರೀಕ್ಷೆ ಚೆನ್ನಾಗಿ ಹೊಂದುತ್ತದೆ ನೋಡು.

ತೂಕ ಇಳಿಸಬೇಡ ಅನ್ನುವುದಿಲ್ಲ. ಅದು ಅದರ ಪಾಡಿಗೆ ನಡೆಯಲಿ.

ಹೋಗುವ ದಿನ ಚೂಡಿದಾರ ಹಾಕು, ಮೇಲಿನದು ಮಾತ್ರ ತೆಗೆದರೆ ಸಾಕಾಗುತ್ತದೆ. ಅಲ್ಲಿ ಕೊಡುವ ಗೌನ್ ಸಾಲದಿದ್ದರೆ ಹೊದೆದುಕೊಳ್ಳಲು ದೊಡ್ಡ ಶಾಲು ಇರಲಿ. ಕಂಕುಳಿಗೆ ಪೌಡರ್, ಸೆಂಟ್ ಬೇಡ, ಅವು ಚಿತ್ರದಲ್ಲಿ ಚುಕ್ಕೆಯಾಗಿ ಕಾಣಬಹುದು. ಮಹಿಳಾ ಟೆಕ್ನಿಷಿಯನ್ ಇರುವ ದಿನ ಯಾವುದು ಅಂತ ಫೋನ್ ಮಾಡಿ ಕೇಳು. ಎರಡು ಪ್ಲೇಟಿನ ನಡುವೆ ಒತ್ತುವಾಗ ನೋವಾಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಪ್ರತಿ ಸಲ ಕೆಲವೇ ಸೆಕೆಂಡು. ಯಾರಾದರೂ ದಪ್ಪದ ಉಪದೇಶ ಶುರುಮಾಡಿದರೆ, "ಅದಕ್ಕೆ ಇನ್ನೊಂದು ದಿನ ಬರುತ್ತೇನೆ, ಇವತ್ತು ಇದನ್ನು ಮುಗಿಸಿಕೊಡಿ" ಅನ್ನು. ಜೋರಾಗಿಯೇ ಅನ್ನು.

ದಿನ ಗೊತ್ತು ಮಾಡಿ ತಿಳಿಸು. ನಾನು ಎಕ್ಸ್‌ಪ್ರೆಸ್ ಬಸ್ಸಿಗೆ ಮಂಗಳೂರಿಗೆ ಬರುತ್ತೇನೆ. ಮುಗಿಸಿ ಇಬ್ಬರೂ ಗಡ್‌ಬಡ್ ತಿನ್ನೋಣ, ನಿನ್ನ ಅಮ್ಮನಿಗೆ ಹೇಳಬೇಡ.

ನಿನ್ನ ದೊಡ್ಡಮ್ಮ