ಮಾಸ್ಕೋದಿಂದ ಆರು ಫೋಟೊ

ಮಾಸ್ಕೋ
24 ನವೆಂಬರ್

ಅಪ್ಪ, ಅಮ್ಮ, ಅಜ್ಜಿಗೆ ನಮಸ್ಕಾರಗಳು.

ಇಲ್ಲಿ ಎಲ್ಲ ಕ್ಷೇಮ. ದಿನಾ ಫೋನಿನಲ್ಲಿ ಮಾತಾಡುತ್ತೇವೆ, ಮತ್ಯಾಕೆ ಕಾಗದ ಅಂತ ಅಮ್ಮ ಕೇಳುತ್ತಾಳೆ. ಅಪ್ಪನಿಗೆ ಗೊತ್ತು. ಫೋನಿನಲ್ಲಿ ನೋಡಿದ್ದು ಫೋಟೊ ಅಲ್ಲ, ಪ್ರಿಂಟ್ ಹಾಕಿಸು ಅಂತ ಬೈದವರು ನೀವೇ ಅಲ್ವಾ? ಹಾಕಿಸಿದ್ದೇನೆ. ರಜೆಗೆ ಬೆಂಗಳೂರಿಗೆ ಹೊರಟಿರುವ ಸೀನಿಯರ್ ಕೈಲಿ ಕಳಿಸುತ್ತಿದ್ದೇನೆ. ಹಿಂದುಗಡೆ ಪೆನ್ಸಿಲಿನಲ್ಲಿ ನಂಬರ್ ಇದೆ, ಅದೇ ಸಾಲಿನಲ್ಲಿ ನೋಡಿ.

ಒಂದನೆಯದು ಬಾಹ್ಯಾಕಾಶ ಮ್ಯೂಸಿಯಂ ಮೇಲಿರುವ ಸ್ಮಾರಕ. 1964ರಲ್ಲಿ ಕಟ್ಟಿದ್ದು, ಎತ್ತರ 107 ಮೀಟರ್. ನಮ್ಮ ಮೈಸೂರು ಅರಮನೆಯ ಗೋಪುರಕ್ಕೆ ಎರಡು ಪಟ್ಟಿಗಿಂತ ಜಾಸ್ತಿ. ರಾಕೆಟ್ ಹಾರಿದಾಗ ಹಿಂದೆ ಉಳಿಯುವ ಹೊಗೆಯ ಬಾಲವನ್ನೇ ಟೈಟಾನಿಯಂ ತಗಡಿನಲ್ಲಿ ಮಾಡಿ, ತುದಿಯಲ್ಲಿ ಪುಟ್ಟ ರಾಕೆಟ್ ಇಟ್ಟಿದ್ದಾರೆ. ಮ್ಯೂಸಿಯಂ ಇದರ ಬುಡದಲ್ಲೇ, ನೆಲದ ಒಳಗಿದೆ. ಮೊದಲು ತೆಗೆದ ನಾಲ್ಕೈದು ಫೋಟೊಗಳಲ್ಲಿ ಹಿಮ ಬೂದಿ ಬಣ್ಣಕ್ಕೆ ಬಂದಿತ್ತು. ಆಮೇಲೆ ನೆನಪಾಯಿತು. ಮದುವೆ ಫೋಟೊದಲ್ಲಿ ಬಿಳಿ ಪಂಚೆ, ಬಿಳಿ ಶರ್ಟಿನ ಗಂಡಿನ ಕಡೆಯವರು ಸಾಲಾಗಿ ನಿಂತರೆ ಕ್ಯಾಮೆರಾಗೆ ಒಂದು ಸ್ಟಾಪ್ ಬೆಳಕು ಜಾಸ್ತಿ ಕೊಡು ಅಂತ ನೀವು ಹೇಳುತ್ತಿದ್ದಿರಲ್ಲ. ಹಿಮಕ್ಕೂ ಅದೇ ಲೆಕ್ಕ!

ಅಷ್ಟರಲ್ಲಿ ಬ್ಯಾಟರಿ ಸತ್ತುಹೋಯಿತು. ಚಳಿಗೆ ಹೀಗಾಗುತ್ತದೆ. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಬಿಸಿ ಮಾಡಿದರೆ ಮತ್ತೆ ಸ್ವಲ್ಪ ಜೀವ ಬರುತ್ತದೆ. ಬೆಚ್ಚಗಿನ ಮ್ಯೂಸಿಯಂ ಒಳಗೆ ಹೋದ ಕೂಡಲೇ ಲೆನ್ಸ್ ಪೂರ್ತಿ ಮಂಜು. ಇಪ್ಪತ್ತು ನಿಮಿಷ ಸುಮ್ನೆ ಬೆಂಚಿನ ಮೇಲೆ ಕೂತಿದ್ದೆ. ಕ್ಯಾಮೆರಾವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಂಡೇ ಒಳಗೆ ಬರಬೇಕು ಅಂತ ಆಮೇಲೆ ಗೊತ್ತಾಯಿತು.

ಎರಡನೆಯದನ್ನು ಅಮ್ಮ ನೋಡಿ ನಗುತ್ತಾಳೆ. ಅದು ಟೂತ್‌ಪೇಸ್ಟ್ ಅಲ್ಲ, ಊಟ. ಗಗನಯಾತ್ರಿಗಳು ಹೀಗೆ ಟ್ಯೂಬ್ ಹಿಂಡಿ ಸಾರು ಕುಡಿಯುತ್ತಿದ್ದರು. ಆದರೆ 1984ರಲ್ಲಿ ರಾಕೇಶ್ ಶರ್ಮಾ ರಷ್ಯನ್ನರ ಸೋಯುಜ್ ನೌಕೆ ಹತ್ತಿ ಹೋದಾಗ ನಮ್ಮ ಕಡೆಯ ತಿಂಡಿಯೂ ಹೋಗಿತ್ತು. ಅದನ್ನು ತಯಾರಿಸಿಕೊಟ್ಟಿದ್ದು ನಮ್ಮ ಮೈಸೂರಿನ ಡಿಎಫ್‌ಆರ್‌ಎಲ್, ಅದೇ ರಕ್ಷಣಾ ಇಲಾಖೆಯ ಆಹಾರ ಸಂಶೋಧನಾಲಯ! ಇದನ್ನು ಪಕ್ಕದಲ್ಲಿದ್ದ ರಷ್ಯನ್ ಹುಡುಗಿಗೆ ಹೇಳಲು ಹೋಗಿ, ನನ್ನ ಅರೆಬರೆ ಭಾಷೆಯಲ್ಲಿ ಏನು ಹೇಳಿದೆನೋ, ಅವಳು ತನ್ನ ಬ್ಯಾಗಿನಿಂದ ಒಂದು ಬಿಸ್ಕೆಟ್ ತೆಗೆದು ಕೊಟ್ಟಳು.

ಮೂರನೆಯದು ಮೀರ್ ಬಾಹ್ಯಾಕಾಶ ನಿಲ್ದಾಣದ ಮಾದರಿಯ ಒಳಗೆ ತೆಗೆದದ್ದು. ಜನ ಜಾಸ್ತಿ, ಕೈ ಅಲ್ಲಾಡಿದೆ. ಬೈಯಬೇಡಿ.

ನಾಲ್ಕನೆಯದನ್ನು ಅಜ್ಜಿ ಕೈಗೆ ಕೊಡಿ. ಅಜ್ಜಿ, ಈ ಎರಡು ನಾಯಿಗಳ ಹೆಸರು ಬೆಲ್ಕಾ ಮತ್ತು ಸ್ತ್ರೆಲ್ಕಾ. ಬೆಲ್ಕಾ ಅಂದರೆ ಅಳಿಲು, ಸ್ತ್ರೆಲ್ಕಾ ಅಂದರೆ ಪುಟ್ಟ ಬಾಣ. 1960ರ ಆಗಸ್ಟ್ 19ರಂದು ಇವನ್ನು ಆಕಾಶಕ್ಕೆ ಕಳಿಸಿದರು. ಒಂದು ದಿನ ಭೂಮಿಯನ್ನು ಸುತ್ತಿ ಎರಡೂ ಜೀವಂತ ವಾಪಸ್ ಬಂದವು. ಇವು ಬಂದ ಮೇಲೆಯೇ, ಎಂಟು ತಿಂಗಳ ನಂತರ, ಮೊದಲ ಗಗನಯಾತ್ರಿ ಗಗಾರಿನ್ ಹೋದದ್ದು. ಸ್ತ್ರೆಲ್ಕಾ ಆಮೇಲೆ ಮರಿ ಹಾಕಿತು. ಅದರಲ್ಲಿ ಒಂದು ಮರಿ ಅಮೆರಿಕದ ಅಧ್ಯಕ್ಷ ಕೆನಡಿ ಮನೆ ಸೇರಿತು. ಬೆಲ್ಕಾ, ಸ್ತ್ರೆಲ್ಕಾ ಎರಡೂ ತಮ್ಮ ಕಾಲ ಮುಗಿದು ಸತ್ತ ಮೇಲೆ ಅವುಗಳ ಚರ್ಮದೊಳಗೆ ತುಂಬಿಸಿ ಇಲ್ಲಿ ಗಾಜಿನ ಹಿಂದೆ ನಿಲ್ಲಿಸಿದ್ದಾರೆ.

ಈ ಕೆಲಸಕ್ಕೆ ಜಾತಿ ನಾಯಿಗಳನ್ನು ತರಲಿಲ್ಲ ಅಜ್ಜಿ. ಮಾಸ್ಕೋದ ಬೀದಿನಾಯಿಗಳನ್ನೇ ಹಿಡಿದು ತಂದರು. ಚಳಿ, ಹಸಿವು ತಡೆದು ಬದುಕಿದವು ಗಟ್ಟಿ ಅಂತ. ಅದರಲ್ಲೂ ಹೆಣ್ಣೇ ಬೇಕಿತ್ತು. ಯಾಕೆ ಗೊತ್ತಾ? ಅಷ್ಟು ಇಕ್ಕಟ್ಟಿನಲ್ಲಿ ಕಾಲೆತ್ತಲು ಜಾಗ ಎಲ್ಲಿ!

ಇವಕ್ಕಿಂತ ಮೊದಲು ಹೋದ ನಾಯಿ ಲೈಕಾ ಏನಾಯಿತು ಅಂತ ನೀನು ಕೇಳೇ ಕೇಳುತ್ತೀಯ. ಅದು 1957ರಲ್ಲಿ ಹೋದದ್ದು. ಕೆಳಗಿಳಿಸುವ ಏರ್ಪಾಡೇ ಇರಲಿಲ್ಲ. ಕೆಲವೇ ಗಂಟೆಗಳಲ್ಲಿ ಸೆಕೆ ತಾಳದೆ ಸತ್ತಿತು. ಈ ವಿಷಯ ಹೊರಗೆ ಬಂದದ್ದು 2002ರಲ್ಲಿ. ಅದೂ ಬೀದಿನಾಯಿಯೇ.

ಈ ಫೋಟೊ ತೆಗೆಯಲು ಒದ್ದಾಡಿದ್ದು ಅಷ್ಟಿಷ್ಟಲ್ಲ. ಗಾಜಿನಲ್ಲಿ ನಾಯಿಗಿಂತ ನನ್ನ ಮುಖವೇ ಚೆನ್ನಾಗಿ ಕಾಣುತ್ತಿತ್ತು. ಫ್ಲ್ಯಾಶ್ ಆಫ್ ಮಾಡಲು ಮರೆತಿದ್ದೆ. ಮೂಲೆಯಲ್ಲಿ ಕುರ್ಚಿ ಹಾಕಿ ಕೂತಿದ್ದ ಕಾವಲಿನ ಅಜ್ಜಿ ಎದ್ದು ಬಂದು 'ನೆಲ್ಜ್ಯಾ' ಅಂದಳು. 'ಕೂಡದು' ಅಂತ ಅರ್ಥ. ಈ ಊರಿನಲ್ಲಿ ನಾನು ಮೊದಲು ಕಲಿತ ಪದ ಅದು. ಆಮೇಲೆ ಲೆನ್ಸನ್ನು ಗಾಜಿಗೆ ಒತ್ತಿ, ಅಮ್ಮ ಕೊಟ್ಟ ಕಪ್ಪು ಶಾಲನ್ನು ಸುತ್ತ ಹೊದಿಸಿ ತೆಗೆದೆ. ಹಳೆ ಫೋಟೊಗಳನ್ನು ಕಾಪಿ ಮಾಡುವಾಗ ಅಪ್ಪ ಮಾಡುತ್ತಿದ್ದ ಹಾಗೆ. ಕಾವಲಜ್ಜಿ ನೋಡುತ್ತಲೇ ಇದ್ದಳು. ಕೊನೆಗೆ ನನ್ನ ತೋಳು ಹಿಡಿದು ಎರಡು ಹೆಜ್ಜೆ ಎಡಕ್ಕೆ ಸರಿಸಿ ನಿಲ್ಲಿಸಿದಳು. ಅಲ್ಲಿಂದ ಸ್ತ್ರೆಲ್ಕಾ ಕಣ್ಣಿನಲ್ಲಿ ಬೆಳಕಿನ ಚುಕ್ಕೆ ಕಾಣುತ್ತದೆ. ಅಪ್ಪಾ, ಭೂತಗನ್ನಡಿ ಹಿಡಿದು ನೋಡಿ.

ಐದನೆಯದೂ ನಾಯಿಯೇ, ಕಂಚಿನದು. ಕ್ರಾಂತಿ ಚೌಕದ ಮೆಟ್ರೊ ಸ್ಟೇಷನ್ ತುಂಬ ಕಂಚಿನ ಪ್ರತಿಮೆಗಳಿವೆ, ಒಟ್ಟು 76. ಗಡಿ ಕಾವಲುಗಾರನ ನಾಯಿಯ ಮೂಗು ಮಾತ್ರ ಬಂಗಾರದ ಹಾಗೆ ಹೊಳೆಯುತ್ತದೆ. ಹೋಗುವವರು ಬರುವವರೆಲ್ಲ ಸವರುತ್ತಾರೆ, ಪರೀಕ್ಷೆ ಇದ್ದರಂತೂ ವಿದ್ಯಾರ್ಥಿಗಳು ಬಿಡುವುದೇ ಇಲ್ಲ. ಅನಾಟಮಿ ಪರೀಕ್ಷೆಯ ದಿನ ನಾನೂ ಸವರಿ ಹೋಗಿದ್ದೆ. ಪಾಸಾಗಿದ್ದು ಚಾಮುಂಡಿಗೆ ಹೊತ್ತ ಹರಕೆಯಿಂದ ಅಂತ ಅಮ್ಮ ಹೇಳುತ್ತಾಳೆ. ಇರಲಿ, ಎರಡೂ ಇರಲಿ.

ಆರನೆಯದು ನಮ್ಮ ಹಾಸ್ಟೆಲ್ ಹತ್ತಿರದ ಸುರಂಗದಾರಿ. ಉಣ್ಣೆ ಕಾಲುಚೀಲ, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ ಇಟ್ಟುಕೊಂಡು ಕೂತ ಮುದುಕಿ. ಕೇಳಿಯೇ ತೆಗೆದೆ. ತೆಗೆದ ಮೇಲೆ ತೋರಿಸು ಅಂದಳು. ನೋಡಿ, ತಲೆಗೆ ಕಟ್ಟಿದ ಬಟ್ಟೆ ಸರಿ ಮಾಡಿಕೊಂಡು, ಇನ್ನೊಂದು ತೆಗಿ ಅಂದಳು. ಇದು ಆ ಎರಡನೆಯದು. ಮೊದಲನೆಯದೇ ಚೆನ್ನಾಗಿತ್ತು, ಆದರೆ ಅವಳ ಮಾತು ಮೀರಲಿಲ್ಲ.

ಅಪ್ಪಾ, ನಿಮ್ಮ ಹಳೆ ನೋಟುಗಳ ಆಲ್ಬಮ್ಮಿನಲ್ಲಿ ನಮ್ಮ ದೇಶದ ಮೊದಲ ಉಪಗ್ರಹ ಆರ್ಯಭಟದ ಚಿತ್ರ ಇರುವ ಎರಡು ರೂಪಾಯಿ ನೋಟು ಇದೆಯಲ್ಲ, ಅದನ್ನು ಯಾರಿಗೂ ಕೊಡಬೇಡಿ. ಪೀಣ್ಯದ ಶೆಡ್ಡುಗಳಲ್ಲಿ ತಯಾರಾದ ಆ ಉಪಗ್ರಹವನ್ನು 1975ರಲ್ಲಿ ಹಾರಿಸಿದ್ದು ಇದೇ ದೇಶದ ಕಪೂಸ್ತಿನ್ ಯಾರ್ ಎಂಬಲ್ಲಿಂದ. ನಾನು ಬಂದಾಗ ಆ ನೋಟಿನದೂ ಒಂದು ಫೋಟೊ ತೆಗೆಯಬೇಕು.

ಮತ್ತೆ, ನಮ್ಮ ಬೀದಿಯ ನಾಯಿ ಕರಿಯ ಹೇಗಿದ್ದಾನೆ? ಈಗಲೂ ಬೀದಿಯವರೆಲ್ಲ ಹಾಕಿದ್ದನ್ನು ಬಿಟ್ಟು ಅಜ್ಜಿ ಕೈಯ ಮೊಸರನ್ನಕ್ಕೇ ಕಾಯುತ್ತಾನಾ? ಅಜ್ಜಿ ಜಗಲಿ ಮೇಲೆ ಕೂತಿರಬೇಕು, ಕರಿಯ ಪಕ್ಕದಲ್ಲಿರಬೇಕು, ಬೆಳಗಿನ ಬಿಸಿಲಿರಬೇಕು. ಒಂದು ಫೋಟೊ ತೆಗೆದು ಪ್ರಿಂಟ್ ಹಾಕಿಸಿ, ಈ ಸೀನಿಯರ್ ವಾಪಸ್ ಬರುವಾಗ ಕಳಿಸಿ. ಜೊತೆಗೆ ಚಟ್ನಿಪುಡಿ. ಹೋದ ಸಲದ್ದು ಎಂದೋ ಮುಗಿಯಿತು.

ನಿಮ್ಮ
ಪುಟ್ಟಿ